ಬೇಸಿಗೆಯ ಕೈತೋಟ: ಎಳೆಯದಿದ್ದಾಗಲೇ ಕೊಯ್ಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ತಿಂಗಳ ಬೆಂಗಳೂರಿನ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರು ಇದು. ಇಂಥ ಬಿಸಿಲಿನಲ್ಲೂ ಮನೆ ಮುಂದೆ ನಾಲ್ಕು ಹೂವಿನ ಗಿಡ, ಮಹಡಿ ಮೇಲೆ ಒಂದಷ್ಟು ತರಕಾರಿ ಕುಂಡ ಇಟ್ಟುಕೊಂಡು ಜೋಪಾನ ಮಾಡುತ್ತಿದ್ದೀರಲ್ಲ, ಇವತ್ತು ನಿಮ್ಮ ಜೊತೆಗೇ ನನ್ನ ಮಾತು.

ಬೇಸಿಗೆ ಬಂತು ಅಂದರೆ ಎಲ್ಲರೂ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ನೀರು ಎಷ್ಟು ಹಾಕಬೇಕು? ಗೊಬ್ಬರ ಏನು ಹಾಕಬೇಕು? ಗಿಡಕ್ಕೆ ಹಾಕುವುದರ ಬಗ್ಗೆಯೇ ಎಲ್ಲರಿಗೂ ಯೋಚನೆ. ಗಿಡದಿಂದ ತೆಗೆಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಇವತ್ತು ಅದೊಂದನ್ನೇ ಹೇಳುತ್ತೇನೆ. ಕೊಯ್ಯಿರಿ. ಹೂವಾದರೂ ಕೊಯ್ಯಿರಿ, ಕಾಯಾದರೂ ಕೊಯ್ಯಿರಿ. ಎಳೆಯದಿದ್ದಾಗಲೇ ಕೊಯ್ಯಿರಿ. ದಿನ ಬಿಟ್ಟು ದಿನ ಕೊಯ್ಯಿರಿ.

ಯಾಕೆ ಅಂತ ಹೇಳುತ್ತೇನೆ. ಬೆಂಡೆ, ಬೀನ್ಸ್, ಅಲಸಂದೆ, ಸೌತೆ, ಜಿನಿಯಾ, ಚೆಂಡುಹೂವು, ಇವೆಲ್ಲ ಒಂದೇ ಹಂಗಾಮಿನ ಗಿಡಗಳು. ಹುಟ್ಟಿ, ಹೂ ಬಿಟ್ಟು, ಬೀಜ ಮಾಡಿ, ಒಣಗಿ ಹೋಗುವುದೇ ಅವುಗಳ ಬಾಳು. ಕಾಯಿಯೊಳಗೆ ಬೀಜ ಬಲಿಯಲು ಶುರುವಾದರೆ ಎಲೆಗಳು ಮಾಡಿದ ಆಹಾರವೆಲ್ಲ ಆ ಕಡೆಗೇ ಹರಿಯುತ್ತದೆ. ತುದಿಯಲ್ಲಿ ಹೊಸ ಚಿಗುರು ಕಡಿಮೆಯಾಗುತ್ತದೆ, ಹೊಸ ಮೊಗ್ಗು ಉದುರುತ್ತದೆ. ನೀವು ಕಾಯಿ ಕಿತ್ತುಬಿಟ್ಟರೆ ಬೀಜ ಆಗಲಿಲ್ಲ, ಗಿಡದ ಕೆಲಸ ಬಾಕಿ ಉಳಿಯಿತು. ಹಾಗಾಗಿ ಅದು ಮತ್ತೆ ಹೂ ಬಿಡುತ್ತದೆ. ಇಷ್ಟೇ ವಿಷಯ.

ಇದನ್ನು ಕಣ್ಣಾರೆ ಕಂಡ ಒಂದು ಮನೆಯ ಕಥೆ ಹೇಳಲೇಬೇಕು. ಹನುಮಂತನಗರದ ಕಡೆ, ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ನಿವೃತ್ತರಾದವರು. ಅಚ್ಚುಕಟ್ಟಾದ ಮನೆ. ಮಹಡಿ ಮೇಲೆ ತರಕಾರಿ, ಅದು ಆ ತಾಯಿಯ ಇಲಾಖೆ. ಗೇಟಿನ ಪಕ್ಕ ಉದ್ದಕ್ಕೆ ಹೂವಿನ ಪಾತಿ, ಅದು ಯಜಮಾನರ ಇಲಾಖೆ. ಒಂದು ದಿನ ಆಕೆ ಫೋನ್ ಮಾಡಿದರು. 'ಸಾರ್, ಬೆಂಡೆಗಿಡ ಎಲ್ಲಾ ನಿಂತೋಗಿದೆ. ಹೂವೇ ಬಿಡ್ತಾ ಇಲ್ಲ. ಬೇವಿನ ಹಿಂಡಿ ಹಾಕಿದ್ದಾಯ್ತು, ಎರೆಗೊಬ್ಬರ ಹಾಕಿದ್ದಾಯ್ತು. ಒಂದ್ಸಲ ಬಂದು ನೋಡ್ತೀರಾ?'

ಹೋದೆ. ಗಿಡ ನೋಡಿದರೆ ಏನೂ ರೋಗವಿಲ್ಲ. ಎಲೆ ಹಸಿರಾಗಿದೆ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ತಳಿ, ಅರ್ಕ ಅನಾಮಿಕ. ಬೆಂಡೆಯನ್ನು ಕಾಡುವ ಹಳದಿ ನರದ ರೋಗವನ್ನು ತಡೆದುಕೊಳ್ಳಲಿ ಅಂತಲೇ ಮಾಡಿದ ತಳಿ ಅದು. ಕುಂಡದ ಮಣ್ಣೂ ಹದವಾಗಿದೆ. ಆದರೆ ಪ್ರತಿ ಗಿಡದಲ್ಲೂ ಬುಡದ ಹತ್ತಿರ ಎರಡು ಮೂರು ಕಾಯಿ ನೇತಾಡುತ್ತಿವೆ, ಒಂದೊಂದೂ ಅಂಗೈಗಿಂತ ಉದ್ದ. ಏಣುಗಳು ಎದ್ದು ನಿಂತಿವೆ, ಬಣ್ಣ ಮಂಕಾಗಿದೆ. 'ಇವನ್ನ ಯಾಕಮ್ಮ ಬಿಟ್ಟಿದ್ದೀರಿ?' ಅಂದೆ. 'ಮಗ ಪುಣೆಯಿಂದ ಬರ್ತಾನೆ ಸಾರ್, ಮುಂದಿನ ವಾರ. ಗಿಡದಲ್ಲೇ ಇದ್ರೆ ಅವನಿಗೆ ತೋರಿಸಬಹುದು ಅಂತ' ಅಂದರು.

ಮನೆಯಲ್ಲಿ ಬೆಳೆದ ಕಾಯಿಯನ್ನು ಮಗನಿಗೆ ತೋರಿಸಬೇಕು ಅನ್ನುವ ಆಸೆ ಯಾರಿಗಿರುವುದಿಲ್ಲ ಹೇಳಿ. ಆದರೆ ಆ ಆಸೆಯ ಬೆಲೆ ಕಟ್ಟುತ್ತಿದ್ದುದು ಗಿಡ. ಒಂದು ಕಾಯಿ ಹಿಡಿದು ತುದಿ ಮುರಿಯಲು ನೋಡಿದೆ. ಮಾರುಕಟ್ಟೆಯಲ್ಲಿ ನೀವೆಲ್ಲ ಮಾಡುತ್ತೀರಲ್ಲ, ಅಂಗಡಿಯವನು ಬೈದರೂ ಬಿಡದೆ, ಹಾಗೆ. ಎಳೆ ಬೆಂಡೆ ಆಗಿದ್ದರೆ ಲಟಕ್ ಅಂತ ಮುರಿಯುತ್ತದೆ. ಇದು ಬಾಗಿತು, ಮುರಿಯಲಿಲ್ಲ. ಚಾಕು ತರಿಸಿ ಉದ್ದಕ್ಕೆ ಸೀಳಿದೆ. ಒಳಗೆ ಸಾಲಾಗಿ ದಪ್ಪ ದಪ್ಪ ಬೀಜ, ಉಗುರಿನಿಂದ ಒತ್ತಿದರೆ ಜಾರುವಷ್ಟು ಗಟ್ಟಿ. ಸಿಪ್ಪೆಯೆಲ್ಲ ನಾರು. 'ನೀವು ಹಾಕಿದ ಗೊಬ್ಬರ ಎಲ್ಲಾ ಇಲ್ಲಿದೆ ನೋಡಿ ಅಮ್ಮ' ಅಂದೆ.

ಕತ್ತರಿ ಕೊಡಿ ಅಂದರೆ ಆಕೆಗೆ ಮನಸ್ಸಿಲ್ಲ. ಯಜಮಾನರು ತಂದುಕೊಟ್ಟರು. ಎಲ್ಲಾ ಬಲಿತ ಕಾಯಿಗಳನ್ನೂ ತೊಟ್ಟಿನ ಹತ್ತಿರ ಕತ್ತರಿಸಿ ಒಂದು ಮೊರದಲ್ಲಿ ಹಾಕಿದೆವು. ಬೆಂಡೆಯನ್ನು ಜಗ್ಗಿ ಕೀಳಬೇಡಿ, ಕಾಂಡ ಸೀಳುತ್ತದೆ, ಅದರ ಸಣ್ಣ ರೋಮ ಕೈಗೆ ಚುಚ್ಚಿ ತುರಿಕೆಯೂ ಬರುತ್ತದೆ. ಕತ್ತರಿಯೇ ಬೇಕು. ಆಮೇಲೆ ಆಕೆಗೆ ಒಂದೇ ಮಾತು ಹೇಳಿದೆ: ಹೂ ಅರಳಿದ ಐದಾರು ದಿನಕ್ಕೆ ಕಾಯಿ ಕೊಯ್ಯಬೇಕು. ನಿಮ್ಮ ಕಿರುಬೆರಳಿಗಿಂತ ಸ್ವಲ್ಪ ಉದ್ದ ಆದರೆ ಸಾಕು. ದೊಡ್ಡದಾಗಲಿ ಅಂತ ಕಾಯಬೇಡಿ.

ಕೆಳಗೆ ಬಂದರೆ ಯಜಮಾನರ ಪಾತಿ. ಜಿನಿಯಾ. ಅದರದ್ದೂ ಅದೇ ಪಾಡು. ನಡುವೆ ಕಂದು ಬಣ್ಣಕ್ಕೆ ತಿರುಗಿದ ಹೂಗಳು ಹಾಗೇ ನಿಂತಿವೆ, ಹೊಸ ಹೂವು ಅಲ್ಲೊಂದು ಇಲ್ಲೊಂದು. ಹೆಂಡತಿ ದೇವರಿಗೆ ನಾಲ್ಕು ಹೂ ಕೇಳಿದರೂ ಇವರು ಕೊಡುವುದಿಲ್ಲವಂತೆ. 'ಗಿಡದಲ್ಲಿದ್ರೇನೇ ಚೆಂದ ಸಾರ್. ಕಿತ್ತರೆ ಪಾಪ' ಅಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ನನಗೆ ತಡೆಯಲಾಗಲಿಲ್ಲ. ಅವರ ಎದುರಿಗೇ ಒಂದು ಕೊಂಬೆ ಬಾಗಿಸಿ, ಒಣಗಿದ ಹೂವಿನ ಕೆಳಗೆ ಎರಡು ಎಲೆ ಜೋಡಿಯಾಗಿ ಇದ್ದ ಜಾಗ ತೋರಿಸಿದೆ. ಆ ಎಲೆಗಳ ಕಂಕುಳಲ್ಲಿ ಎರಡೂ ಕಡೆ ಸಾಸಿವೆ ಗಾತ್ರದ ಚಿಗುರು ಕೂತಿತ್ತು. 'ಇದರ ಸ್ವಲ್ಪ ಮೇಲೆ ಕತ್ತರಿಸಿ. ಈ ಎರಡೂ ಕೊಂಬೆಯಾಗುತ್ತೆ. ಒಂದು ಹೂ ಕಿತ್ತರೆ ಎರಡು ಹೂ' ಅಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಆ ಚಿಗುರನ್ನು ಬಹಳ ಹೊತ್ತು ನೋಡಿದರು.

ಮಗ ಬಂದು ಹೋದ ಮೇಲೆ ಆಕೆಯ ಫೋನ್ ಬಂತು. ಬೆಂಡೆಯಲ್ಲಿ ಹೊಸ ಹೂ ಬಂದಿದೆ, ಹಳದಿ ಎಸಳು, ನಡುವೆ ಕಡುಗೆಂಪು. ದಿನ ಬಿಟ್ಟು ದಿನ ಒಂದು ಹಿಡಿ ಕಾಯಿ. ಮಗನಿಗೆ ತೋರಿಸಿದ್ದು ಬಿಡಿ, ಗೊಜ್ಜು ಮಾಡಿ ಬಡಿಸಿದ್ದಾರೆ. ಯಜಮಾನರು ಈಗ ತಾವೇ ಬೆಳಿಗ್ಗೆ ಪೂಜೆಗೆ ಹೂ ತಂದುಕೊಡುತ್ತಾರಂತೆ!

ನಾನು ಹೇಳುವುದೂ ಅದೇ. ಕೊಯ್ಯಿರಿ.

ಮಾತು ಉದ್ದವಾಯಿತು. ಮಿಕ್ಕ ಗಿಡಗಳ ಬಗ್ಗೆ ಬೇಗ ಬೇಗ ಹೇಳಿಬಿಡುತ್ತೇನೆ.

ಬೀನ್ಸ್ ಮತ್ತು ಅಲಸಂದೆ: ಸಿಪ್ಪೆಯ ಮೇಲೆ ಕಾಳು ಉಬ್ಬಿ ಕಾಣುವ ಮೊದಲೇ ಕೀಳಿ. ಹೀರೆಕಾಯಿ ಬಲಿತರೆ ಮೈ ಉಜ್ಜಲು ಬರುತ್ತದೆ ಅಷ್ಟೇ, ತಿನ್ನಲು ಬರುವುದಿಲ್ಲ. ಸೌತೆಬಳ್ಳಿಯಲ್ಲಿ ಎಲೆಯ ಮರೆಯಲ್ಲಿ ಒಂದೇ ಒಂದು ಕಾಯಿ ಹಳದಿಗೆ ತಿರುಗಿದರೂ ಬಳ್ಳಿ ಸೋಲುತ್ತದೆ. ಎಲೆ ಎತ್ತಿ ನೋಡಿ.

ಟೊಮ್ಯಾಟೊ ಬಗ್ಗೆ ಒಂದು ಮಾತು ಬೇಕೇ ಬೇಕು. ಬೇಸಿಗೆಯಲ್ಲಿ ಹಣ್ಣು ಕೆಂಪಾಗುತ್ತಿಲ್ಲ, ಬರೀ ಹಳದಿ, ಕಿತ್ತಳೆ ಬಣ್ಣ ಅಂತ ಬಹಳ ಜನ ದೂರುತ್ತಾರೆ. ಟೊಮ್ಯಾಟೊಗೆ ಕೆಂಪು ಕೊಡುವುದು ಲೈಕೋಪೀನ್. ಬಿಸಿ 30 ಡಿಗ್ರಿ ದಾಟಿದರೆ ಅದು ಸರಿಯಾಗಿ ತಯಾರಾಗುವುದಿಲ್ಲ. ಆದ್ದರಿಂದ ಹಸಿರು ಕಾಯಿಯ ಬುಡದಲ್ಲಿ ನಸುಗೆಂಪು ಕಂಡ ತಕ್ಷಣ ಕೊಯ್ದು ಒಳಗೆ ನೆರಳಲ್ಲಿ ಇಡಿ. ಫ್ರಿಜ್ ಬೇಡ, ಅಡುಗೆಮನೆಯ ಬುಟ್ಟಿ ಸಾಕು. ಚೆನ್ನಾಗಿ ಕೆಂಪಾಗುತ್ತದೆ. ಗಿಡಕ್ಕೂ ಭಾರ ಇಳಿಯಿತು, ಗಿಳಿ ಅಳಿಲುಗಳ ಕಾಟವೂ ತಪ್ಪಿತು.

ದುಂಡು ಮಲ್ಲಿಗೆ ಈಗ ಭರ್ತಿ ಬಿಡುವ ಕಾಲ. ಅದು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮೊಗ್ಗು ಬಿಡಿಸಿಕೊಂಡ ಮೇಲೆ ಆ ತುದಿಯನ್ನೂ ಒಂದೆರಡು ಎಲೆ ಜೋಡಿಯಷ್ಟು ಚಿವುಟಿ. ಹೊಸ ಚಿಗುರು ಬರುತ್ತದೆ, ಅದರ ಜೊತೆ ಮತ್ತೆ ಮೊಗ್ಗು. ದಂಟು, ಹರಿವೆ ಸೊಪ್ಪನ್ನು ಬೇರು ಸಮೇತ ಕೀಳುತ್ತೀರಿ ಯಾಕೆ? ಮೇಲಿನಿಂದ ಕತ್ತರಿಸಿ, ಮತ್ತೆ ಚಿಗುರುತ್ತದೆ. ಕೊತ್ತಂಬರಿ ಮಾತ್ರ ಈ ಬಿಸಿಲಿಗೆ ಬೇಗ ಹೂವಿಗೆ ಬರುತ್ತದೆ, ಅದಕ್ಕೆ ನೆರಳು ಕೊಡಿ.

ನೀರಿನ ವಿಷಯ ಕೇಳದೆ ನೀವು ಬಿಡುವುದಿಲ್ಲ, ಗೊತ್ತು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿದೆ ಅಲ್ವಾ? ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಗಿಡಕ್ಕೆ ಸಾಕಷ್ಟಾಗುತ್ತದೆ. ಬುಡಕ್ಕೆ ಒಣಗಿದ ಎಲೆ, ತೆಂಗಿನ ನಾರು ಹೊದಿಸಿ. ಸಂಜೆಯೋ ಬೆಳಿಗ್ಗೆ ಬೇಗನೋ ಹಾಕಿ. ಆದರೆ ನೀರು ಉಳಿಸುವ ಇನ್ನೊಂದು ದಾರಿಯೂ ಇದೆ. ಯಾರೂ ತಿನ್ನದ ಬಲಿತ ಕಾಯಿಗೆ, ಯಾರೂ ಮುಡಿಯದ ಒಣ ಹೂವಿಗೆ ನೀವು ಹಾಕಿದ ನೀರು ಸುಮ್ನೆ ದಂಡವಾಗುತ್ತಿದೆ. ಅದನ್ನು ಕೊಯ್ದರೆ ಅದೇ ನೀರು ಹೊಸ ಚಿಗುರಿಗೆ ಸಿಗುತ್ತದೆ.

ಬೀಜಕ್ಕೆ ಬೇಕಲ್ಲ ಸಾರ್ ಅಂತ ಯಾರೋ ಒಬ್ಬರು ಕೇಳೇ ಕೇಳುತ್ತಾರೆ. ಬೇಕು. ಹಂಗಾಮು ಮುಗಿಯುತ್ತಾ ಬಂದಾಗ ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಒಂದು ಗಿಡ ಆರಿಸಿ, ಅದರ ಒಂದು ಕಾಯಿಗೆ ಕೆಂಪು ದಾರ ಕಟ್ಟಿ ಬಿಡಿ. ಒಂದು ಬೆಂಡೆಕಾಯಲ್ಲಿ ನಿಮ್ಮ ಮಹಡಿಗೆ ಆಗಿ ಪಕ್ಕದ ಮನೆಗೂ ಕೊಡುವಷ್ಟು ಬೀಜ ಇರುತ್ತದೆ. ಮಿಕ್ಕಿದ್ದನ್ನೆಲ್ಲ ಕೊಯ್ಯಿರಿ.

ಈಗ ಬಿಸಿಲು ಏರಿದೆ, ಇವತ್ತು ಬೇಡ. ಮಧ್ಯಾಹ್ನ ಕಿತ್ತ ಸೊಪ್ಪು, ಹೂವು ಕೈಯಲ್ಲೇ ಬಾಡುತ್ತದೆ. ನಾಳೆ ಬೆಳಿಗ್ಗೆ ಎಂಟರೊಳಗೆ ಒಂದು ಕತ್ತರಿ, ಒಂದು ಬುಟ್ಟಿ ಹಿಡಿದು ಹೋಗಿ. ಮೊದಲು ಬೆಂಡೆಗಿಡದ ಬುಡದ ಕಡೆ ನೋಡಿ.

ನಮಸ್ಕಾರ.