ಹಂಪ್ ಹಾಕಿದ್ರೆ ಲಾರಿ ಬರೋದು ನಿಲ್ಲುತ್ತಾ?

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ತುಮಕೂರಲ್ಲಿ ಯಾವ ಬಡಾವಣೆಗೆ ಹೋದ್ರೂ ಒಂದೇ ಬೇಡಿಕೆ, ನಮ್ಮ ರೋಡಿಗೊಂದು ಹಂಪ್ ಹಾಕ್ಸಿಕೊಡಿ ಸಾರ್, ಲಾರಿ ಕಾಟ ತಪ್ಪುತ್ತೆ ಅಂತ. ಎಲ್ಲಿ ತಪ್ಪುತ್ತೆ? ಹಂಪ್ ಇರೋದೇ ಸ್ಪೀಡ್ ಇಳಿಸೋಕೆ. ಜಲ್ಲಿ ಸುರಿದು ಖಾಲಿ ವಾಪಸ್ ಬರೋ ಟಿಪ್ಪರ್ ಅದನ್ನ ಹತ್ತಿ ಇಳಿದ್ರೆ ಹಿಂದಿನ ಡೋರ್ ಧಡಾರ್ ಅಂತ ಬಡಿಯುತ್ತೆ, ಮಲಗಿರೋ ಮಗು ಎದ್ದು ಕೂರುತ್ತೆ, ಆಮೇಲೆ ಡ್ರೈವರ್ ಗೇರ್ ಇಳಿಸಿ ಎಳೀತಾನೆ, ಕಿಟಕಿ ತುಂಬ ಹೊಗೆ. ಇನ್ನು ನಾವು ಹಾಕೋ ಹಂಪ್ ಕೇಳಲೇಬೇಡಿ! ರಸ್ತೆ ಹೇಗಿರ್ಬೇಕು ಅಂತ ಮಾನದಂಡ ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ಮಾರ್ಗಸೂಚಿಯ ದುಂಡು ಹಂಪ್ ಅಂದ್ರೆ ಗಾಡಿ ಹೋಗೋ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟೋ ಹಾಗಿರ್ಬೇಕು. ಮನೆ ಕಟ್ಟಿ ಮಿಕ್ಕಿದ ಕಾಂಕ್ರೀಟ್ ಸುರಿದು ಮಾಡಿರೋ ದಿಣ್ಣೆಗೆ ಸೊಂಟ ಹಿಡ್ಕೊಳ್ಳೋದು ಸ್ಕೂಟಿ ಹಿಂದೆ ಕೂತಿರೋ ಅಜ್ಜಿ, ಲಾರಿಗೇನಾಗುತ್ತೆ.

ಲಾರಿಯವನನ್ನ ಬೈದೂ ಪ್ರಯೋಜನ ಇಲ್ಲ. ಹೈವೇ 48 ಊರಿಗೆ ಅಂಟಿಕೊಂಡೇ ಇದೆ, ಅಂತರಸನಹಳ್ಳಿ, ವಸಂತನರಸಾಪುರ ಅಂತ ಇಂಡಸ್ಟ್ರಿ ಇದೆ, ಬಿ.ಎಚ್. ರೋಡ್ ಜಾಮ್ ಆಗಿದ್ರೆ ಮೊಬೈಲ್ ಮ್ಯಾಪು ಒಳಗಿನ ಕ್ರಾಸ್ ತೋರಿಸುತ್ತೆ, ಅವನಿಗೂ ಡೀಸೆಲ್ ಲೆಕ್ಕ ಇರುತ್ತಲ್ಲ.

ತಡೀಬೇಕಾಗಿರೋದು ಬೀದಿ ಶುರುವಾಗೋ ಜಾಗದಲ್ಲಿ. ಅಲ್ಲಿ ಎರಡೂ ಕಡೆ ಫುಟ್‌ಪಾತ್ ಮುಂದಕ್ಕೆ ತಂದು ತಿರುವು ಬಿಗಿ ಮಾಡಿದ್ರೆ ಉದ್ದ ಲಾರಿ ಒಂದೇ ಸಲಕ್ಕೆ ತಿರುಗೋಕಾಗಲ್ಲ, ಕಾರು ಆಟೋ ಸಲೀಸಾಗಿ ಹೋಗ್ತವೆ. ಕೆಲವರು ಎತ್ತರದ ಗಾಡಿ ಬರದ ಹಾಗೆ ಮೇಲೆ ಅಡ್ಡ ಕಬ್ಬಿಣದ ಕಂಬಿ ಕಟ್ಟಿ ಬೀಗ ಹಾಕಿ ಅಂತಾರೆ, ಕಟ್ಟಬಹುದು, ಆದ್ರೆ ಫೈರ್ ಇಂಜಿನ್ನೂ ಲಾರಿ ಎತ್ತರದ್ದೇ ಅನ್ನೋದು ಮರೀಬೇಡಿ, ಬೆಂಕಿ ಬಿದ್ದ ದಿನ ಬೀಗದ ಕೈ ಹುಡುಕ್ತಾ ಕೂರೋ ಹಾಗಾಗಬಾರ್ದು. ಮನೆ ಕಟ್ಟೋರಿಗೆ ಇಟ್ಟಿಗೆ ಲೋಡೂ ಬರ್ಬೇಕಲ್ವಾ (ನಮ್ಮನೇದಾದ್ರೆ ಆಗ ಲಾರಿ ಬೇಕು ನಮಗೆ!).

ಇದಕ್ಕೆ ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 115ರ ಪ್ರಕಾರ ಜನರ ಸುರಕ್ಷತೆಗೋಸ್ಕರ ಇಂಥ ರೋಡಿಗೆ ಇಂಥ ಗಾಡಿ ಬರಬಾರ್ದು ಅಂತ ಆದೇಶ ಮಾಡಬಹುದು. ನಿರ್ಬಂಧ ಒಂದು ತಿಂಗಳು ಮೀರದಿದ್ರೆ ಗೆಜೆಟ್ ಪ್ರಕಟಣೆನೂ ಬೇಕಿಲ್ಲ, ಊರಲ್ಲಿ ಜನಕ್ಕೆ ತಿಳಿಸಿದ್ರೆ ಸಾಕು. ಹಾಗಾಗಿ ಡಿಸಿ ಆಫೀಸಿಗೆ ಅರ್ಜಿ ಕೊಡೋವಾಗ ಒಂದು ತಿಂಗಳು ಟ್ರಯಲ್ ನೋಡಿ ಅಂತಲೇ ಕೇಳಿ, ಯಾವ ಹೊತ್ತಲ್ಲಿ ಎಷ್ಟು ಲಾರಿ ಬರ್ತವೆ ಅಂತ ಬರೆದಿಟ್ಕೊಂಡು ಜೊತೆಗೆ ಲಗತ್ತಿಸಿ. ಪಕ್ಕದ ಬೀದಿಯವರ ಕೈಲೂ ಸೈನ್ ಹಾಕ್ಸಿ, ಯಾಕಂದ್ರೆ ನಿಮ್ಮ ರೋಡ್ ಬಂದ್ ಆದ ಮಾರನೇ ದಿನದಿಂದ ಅವೇ ಲಾರಿಗಳು ಅವರ ಮನೆ ಮುಂದೆ ಓಡಾಡ್ತವೆ.