ನೀರಿನಡಿಯ ಅಳತೆ

ಸಭೆಯಲ್ಲಿರುವ ಹಿರಿಯರಿಗೆ, ಅಧ್ಯಾಪಕ ಮಿತ್ರರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ.

ಕಡಲು ಕಾಣದ ಮೈಸೂರಿನ ಈ ಮಾನಸಗಂಗೋತ್ರಿಯಲ್ಲಿ ನಿಂತು ಉಷ್ಣವಲಯದ ಕಡಲಜೀವಿಗಳ ಬಗ್ಗೆ ಮಾತನಾಡುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಆದರೆ ಅವುಗಳನ್ನು ನೀರಿನಡಿಯಲ್ಲಿ ಅಳೆಯುವ, ಎಣಿಸುವ ವಿದ್ಯೆಯ ಮೊದಲ ಪಾಠಕ್ಕೆ ಸರಸ್ವತಿಪುರಂನ ಈಜುಕೊಳವೇ ಸಾಕು. ಗೊತ್ತಿರುವ ಉದ್ದದ ಕೆಲವು ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ತಳಕ್ಕೆ ಬಿಟ್ಟು, ಮಾಸ್ಕ್ ಧರಿಸಿ ಮುಳುಗಿ, ಅವುಗಳ ಉದ್ದವನ್ನು ಕಣ್ಣಂದಾಜಿನಲ್ಲಿ ಹೇಳಲು ಪ್ರಯತ್ನಿಸಿ. ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ವಸ್ತುಗಳು ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. 30 ಸೆಂಟಿಮೀಟರಿನ ತುಂಡು 40 ಎನಿಸುತ್ತದೆ. ಮೀನಿನ ತೂಕವು ಸರಿಸುಮಾರು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ, ಇದೇ ತಪ್ಪನ್ನು ಸಮುದ್ರದಲ್ಲಿ ಮಾಡಿದವನ ಲೆಕ್ಕದಲ್ಲಿ ಮೀನಿನ ತೂಕ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಹಿಡಿದ ಮೀನಿನ ಗಾತ್ರ ಹೇಳುವ ಗಾಳಗಾರರನ್ನು ನೋಡಿ ನಾವು ಸುಮ್ಮನೆ ನಗುತ್ತೇವೆ!

ನಮ್ಮ ಕರಾವಳಿಗೆ ಮಳೆಗಾಲದಲ್ಲಿ ಘಟ್ಟದ ಹೊಳೆಗಳು ಸಿಹಿನೀರನ್ನೂ ಕೆಸರನ್ನೂ ತಂದು ಸುರಿಯುತ್ತವೆ, ಇವೆರಡೂ ಹವಳಕ್ಕೆ ಒಗ್ಗುವುದಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಉಳಿದಿರುವುದಕ್ಕೆ ಆ ದೂರವೂ ಒಂದು ಕಾರಣ. ಅಲ್ಲಿಗೆ ಹೋಗುವ ಮೊದಲು ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ದಡದ ಬಂಡೆಗಳ ಮೇಲೆ ಕೂತು ಜೀವಿಗಳನ್ನು ಎಣಿಸುವುದನ್ನು ಕಲಿತವರು ಮುಂದೆ ಒಳ್ಳೆಯ ಕೆಲಸಗಾರರಾಗುತ್ತಾರೆ. ಬಂಡೆಯ ಮೇಲೆ ಸಮಯವಿರುತ್ತದೆ, ನೀರಿನಡಿಯಲ್ಲಿ ಇರುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುವುದರಿಂದ ಸಿಲಿಂಡರಿನ ಗಾಳಿ ಎರಡು ಪಟ್ಟು ಬೇಗ ಮುಗಿಯುತ್ತದೆ, 20 ಮೀಟರಿನಲ್ಲಿ ಮೂರು ಪಟ್ಟು. ಉಸಿರು ಬಿಗಿಹಿಡಿದು ಮೇಲೇರಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಹುದಾದ್ದರಿಂದ ತರಬೇತಿಯಿಲ್ಲದೆ ಈ ಸಾಹಸ ಬೇಡ.

ಕೆಳಗೆ ಮಾಡುವ ಕೆಲಸ ನೋಡಲು ಸರಳ. ಅಳತೆಪಟ್ಟಿಯನ್ನು ತಳದ ಮೇಲೆ ಹಾಸಿ, ಪ್ರತಿ ಅರ್ಧ ಮೀಟರಿಗೆ ಅದರ ಕೆಳಗೆ ಹವಳವಿದೆಯೋ ಪಾಚಿಯೋ ಮರಳೋ ಎಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿಕೊಳ್ಳುತ್ತಾ ಸಾಗಬೇಕು. ತೊಡಕಿರುವುದು ಬಿಳಿಯ ಹವಳದಲ್ಲಿ. ನೀರು ಮಿತಿಮೀರಿ ಬಿಸಿಯಾದಾಗ, 1998ರಲ್ಲಿ ಲಕ್ಷದ್ವೀಪದಲ್ಲಿ ಆದಂತೆ, ಹವಳವು ತನ್ನೊಳಗಿನ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದರ ಪಾರದರ್ಶಕ ಮೈಯ ಮೂಲಕ ಸುಣ್ಣದ ಅಸ್ಥಿಪಂಜರ ಕಾಣುತ್ತಿರುತ್ತದೆಯೇ ಹೊರತು ಅದಿನ್ನೂ ಸತ್ತಿರುವುದಿಲ್ಲ, ನೀರು ಬೇಗ ತಣಿದರೆ ಚೇತರಿಸಿಕೊಳ್ಳಲೂಬಹುದು. ಸತ್ತ ಹವಳದ ಮೇಲೆ ಕೆಲವೇ ದಿನಗಳಲ್ಲಿ ಪಾಚಿ ಹತ್ತುತ್ತದೆ. ಹತ್ತಿರ ಹೋಗಿ, ಮುಟ್ಟದೆ, ಮೈಯಿದೆಯೇ ಇಲ್ಲವೇ ಎಂದು ನೋಡಿ ಬರೆಯಬೇಕು. ದೂರದಿಂದ ತೆಗೆದ ಚಿತ್ರದಲ್ಲಿ ಈ ವ್ಯತ್ಯಾಸ ಹಲವು ಸಲ ಸಿಕ್ಕುವುದಿಲ್ಲ. ಮನೆಗೊಂದು ಚೂರು ತರುವ ಆಸೆಯೂ ಬೇಡ, ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಒಂದೇ ಪಟ್ಟಿಯನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ, ದೋಣಿಗೆ ಬಂದ ಮೇಲೆ ಹೋಲಿಸಿ ನೋಡುವುದು ಒಳ್ಳೆಯ ರೂಢಿ. ಲೆಕ್ಕ ತಾಳೆಯಾಗದಿದ್ದರೆ ಎರಡನ್ನೂ ಪುಸ್ತಕಕ್ಕೆ ಇಳಿಸಿಕೊಳ್ಳಿ, ಹಲಗೆ ತೊಳೆಯುವುದು ಆಮೇಲೆ.