ಡಂಪಿನ ಮಣ್ಣು

ಕೇಳುಗರೆ, ನಮಸ್ಕಾರ.

ನಮ್ಮಪ್ಪ ಗೌಂಡಿ ಕೆಲಸದವರು. ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಬಂದು ಡಿಚೋಲಿಯಲ್ಲಿ ನೆಲೆ ನಿಂತರು. ನಮ್ಮ ಮನೆಯ ಬುನಾದಿ ತುಂಬಲು ಕಲ್ಲುಮಣ್ಣು ತಂದದ್ದು ಕಬ್ಬಿಣದ ಗಣಿಯ ಡಂಪಿನಿಂದ, ಅಂದರೆ ಗಣಿಯವರು ಬೇಡದ ಮಣ್ಣು ಸುರಿದ ರಾಶಿಯಿಂದ. ಪುಕ್ಕಟೆ ಸಿಕ್ಕರೆ ಯಾರು ಬಿಡ್ತಾರೆ? 2012ರಲ್ಲಿ ಗಣಿಗಳು ನಿಂತವು, ಡಂಪು ಹಾಗೇ ಉಳಿಯಿತು. ಜೋರು ಮಳೆ ಬಂದರೆ ಅಲ್ಲಿಂದ ಕೆಂಪು ನೀರು ಇಳಿದು ಗದ್ದೆಗೆ ನುಗ್ಗುತ್ತದೆ. ನೀರು ಇಂಗಿದ ಮೇಲೆ ನೋಡಿ, ಭತ್ತದ ಬುಡದಲ್ಲಿ ಬೆರಳು ದಪ್ಪ ಕೆಸರು ಗಟ್ಟಿಯಾಗಿರುತ್ತದೆ.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಕ್ಕದ ಮನೆಯ ಹುಡುಗ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನವನು. ಅದೇ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಇರುವುದು ಪತ್ತೆಯಾಗಿದೆ. ಹೋದ ವಾರ ಅವನು ಕೇಳಿದ: "ಮಾಸ್ತರ್ರ, ಯುರೇನಿಯಂ ತಗದ ಮ್ಯಾಲ ಉಳದ ಮಣ್ಣು ಎಲ್ಲಿ ಒಗೀತಾರ್ರಿ?"

ಎಷ್ಟು ಸರಿಯಾದ ಪ್ರಶ್ನೆ, ಅಲ್ವಾ? ನಮ್ಮ ದೇಶದ ಯುರೇನಿಯಂ ಅದಿರು ತೆಳು. ಜಾರ್ಖಂಡಿನ ಜಾದುಗುಡದ ಅದಿರನ್ನೇ ತಗೊಳ್ಳಿ. ಒಂದು ಟನ್ ಅರೆದರೆ ಒಂದು ಕಿಲೋ ಯುರೇನಿಯಂ ಕೂಡ ಸಿಗುವುದಿಲ್ಲ. ಮಿಕ್ಕದ್ದೆಲ್ಲ ಕೆಸರು. ಅದಕ್ಕೆ ಟೇಲಿಂಗ್ಸ್ ಅಂತಾರೆ. ಯುರೇನಿಯಂ ತೆಗೆದಾಯಿತು, ಇನ್ನೇನು ಭಯ ಅನ್ನಿಸಬಹುದು. ಆದರೆ ಅದಿರಿನ ವಿಕಿರಣದಲ್ಲಿ ಶೇಕಡಾ 85ರಷ್ಟು ಆ ಕೆಸರಿನಲ್ಲೇ ಉಳಿಯುತ್ತದೆ. ಅದರಲ್ಲಿ ಥೋರಿಯಂ ಇದೆ, ರೇಡಿಯಂ ಇದೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅದನ್ನು ಹುಟ್ಟಿಸುತ್ತಲೇ ಇರುವ ಥೋರಿಯಂಗೆ ಸುಮಾರು 75,000 ವರ್ಷ. ರೇಡಿಯಂನಿಂದ ರೇಡಾನ್ ಅನ್ನೋ ಅನಿಲ ಏಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು.

ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಕಥೆ ಓದಿದಾಗ ನನಗೆ ನಮ್ಮ ಬುನಾದಿ ನೆನಪಾಯಿತು. 1944ರಿಂದ 1986ರವರೆಗೆ ಅವರ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. 500ಕ್ಕೂ ಜಾಸ್ತಿ ಗಣಿಗಳನ್ನು ಹಾಗೇ ಬಿಟ್ಟು ಹೋದರು. ಬಿದ್ದಿದ್ದ ಕಲ್ಲನ್ನು ಆ ಜನ ತಂದು ಗೋಡೆ ಕಟ್ಟಿಕೊಂಡರು, ನೆಲಕ್ಕೆ ಹಾಕಿಕೊಂಡರು. ನಮ್ಮಪ್ಪನ ಹಾಗೆಯೇ. ಅದರ ಮೇಲೆ ಮಕ್ಕಳು ಮಲಗಿದರು. ಎಷ್ಟೋ ವರ್ಷಗಳ ನಂತರ ಸರ್ಕಾರ ಯಂತ್ರ ಹಿಡಿದು ಮನೆಮನೆಯ ವಿಕಿರಣ ಅಳೆಯಿತು, ಕೆಲವು ಮನೆಗಳನ್ನು ಕೆಡವಿಸಿತು. ಅದೇ ಸೀಮೆಯ ಚರ್ಚ್ ರಾಕ್‌ನಲ್ಲಿ 1979ರ ಜುಲೈ 16ರಂದು ಟೇಲಿಂಗ್ಸ್ ಕಟ್ಟೆ ಒಡೆಯಿತು. ಸುಮಾರು 35 ಕೋಟಿ ಲೀಟರ್ ವಿಷದ ನೀರು ಪುಯೆರ್ಕೊ ನದಿಗೆ ಇಳಿಯಿತು. ಕುರಿ ಕಾಯುವವರ ನದಿ ಅದು.

ಹಾಗಾದರೆ ಈ ಟೇಲಿಂಗ್ಸ್ ತೊಳೆಯುವುದು ಹೇಗೆ? ತೊಳೆಯಲು ಆಗುವುದಿಲ್ಲ. ನೀರಿಗೂ ಗಾಳಿಗೂ ಸಿಗದ ಹಾಗೆ ಮುಚ್ಚಬೇಕು, ಅಷ್ಟೇ. ರಾಶಿಯನ್ನು ಇಳಿಜಾರು ಮಾಡಿ, ಮೇಲೆ ಜೇಡಿಮಣ್ಣನ್ನು ಒತ್ತೊತ್ತಾಗಿ ಹಾಸುತ್ತಾರೆ. ರೇಡಾನ್ ಆ ಪದರ ದಾಟುವಷ್ಟರಲ್ಲಿ ಬಹುಪಾಲು ಅಲ್ಲೇ ಮುಗಿದಿರಬೇಕು. ನಾಲ್ಕು ದಿನಕ್ಕೊಮ್ಮೆ ಅದು ಅರ್ಧ ಆಗುತ್ತದೆ, ಅದೇ ಅನುಕೂಲ. ಜೇಡಿಯ ಮೇಲೆ ಕಲ್ಲು, ಇಲ್ಲವೇ ಹುಲ್ಲು. ಜಾಗವೇ ಕೆಟ್ಟದ್ದಾಗಿದ್ದರೆ ರಾಶಿಯನ್ನೇ ಸಾಗಿಸಬೇಕು. ಅಮೆರಿಕದ ಮೋಆಬ್ ಊರಲ್ಲಿ ಕೊಲರಾಡೊ ನದಿಯ ದಂಡೆಯ ಮೇಲೇ 1.6 ಕೋಟಿ ಟನ್ ಬಿದ್ದಿತ್ತು. 2009ರಿಂದ ಅದನ್ನು ರೈಲಿಗೆ ತುಂಬಿ 50 ಕಿಲೋಮೀಟರ್ ಆಚೆ ಒಯ್ದು ಹೂಳುವ ಕೆಲಸ ಶುರುವಾಯಿತು. ಜರ್ಮನಿಯ ರೊನ್ನೆಬುರ್ಗ್‌ನಲ್ಲಿ ಡಂಪುಗಳನ್ನೇ ತಂದು ದೊಡ್ಡ ಗುಂಡಿಗೆ ತುಂಬಿದರು. 2007ರಲ್ಲಿ ಅಲ್ಲಿ ಹೂವಿನ ಪ್ರದರ್ಶನ ನಡೆಯಿತು. ಇಂಥದ್ದು ಆಗುತ್ತದೆ ಅಂತ ಕೇಳಿದಾಗ ನಿಜಕ್ಕೂ ಖುಷಿಯಾಗುತ್ತದೆ.

ಆದರೆ ಮುಚ್ಚಿ ಮರೆಯುವ ಹಾಗಿಲ್ಲ. ಆಸ್ಟ್ರೇಲಿಯಾದ ರಮ್ ಜಂಗಲ್ ಗಣಿ 1971ರಲ್ಲಿ ನಿಂತಿತು. 1980ರ ದಶಕದಲ್ಲಿ ಮುಚ್ಚಿಗೆ ಹಾಕಿದರು. ಅದು ಸವೆಯಿತು. ಕಲ್ಲಿನಲ್ಲಿದ್ದ ಗಂಧಕಕ್ಕೆ ನೀರು, ಗಾಳಿ ಸೇರಿ ಆಮ್ಲವಾಯಿತು, ಲೋಹ ಕರಗಿ ಹೊಳೆಗೆ ಬಂತು. ಮತ್ತೆ ಮೊದಲಿಂದ ಕೆಲಸ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಗಣಿ ಬರುವ ಮೊದಲೇ ಮಣ್ಣು ಎಲ್ಲಿ ಹಾಕ್ತೀರಿ, ನೀರು ಎಲ್ಲಿ ಹೋಗುತ್ತೆ, ಇಪ್ಪತ್ತು ವರ್ಷದ ನಂತರ ಯಾರು ಬಂದು ನೋಡ್ತಾರೆ ಅಂತ ಕೇಳಿ ಬರೆಸಿಕೊಳ್ಳಬೇಕು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಅಂಗಳದ ಕೆಂಪು ಮಣ್ಣಿನಲ್ಲಿ ಬೆರಳಿಂದ ಒಂದು ಗೆರೆ ಎಳೆದ. ಅದು ಅವನೂರಿನ ಹಳ್ಳ. ಗೆರೆ ಹೊಲಗಳನ್ನು ದಾಟಿಸಿ, ಭೀಮಾ ನದಿಯವರೆಗೂ ಎಳೆದ.

ನಮಸ್ಕಾರ.